ನನ್ನ ಕಿವಿ ಯಾವ ನೂರರಲ್ಲಿದೆ?

ದೊಡ್ಡಮ್ಮನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಎದುರಿಗಿದ್ದವರು ಬಾಗಿ ಕಿವಿಗೊಡಬೇಕಾಗುತ್ತಿತ್ತು. ಗಿರಣಿಯ ಗೇಟಿಗೆ ಆ ಪ್ರಕಟಣೆ ಅಂಟಿಸಿದ ದಿನ ಅವಳು ನಮ್ಮ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಆಡಿದ ಮಾತು ನನ್ನ ಅಮ್ಮನಿಗೆ ಕೇಳಿಸಲೇ ಇಲ್ಲ.

"ಏನಂದೆ ಅಕ್ಕ?"

"ನಾನು ಬರೆದುಕೊಟ್ಟಿದ್ದು ಒಂದೊಂದೂ ನಿಜ. ಎಲ್ಲಾ ಸೇರಿಸಿ ಅವರು ಹೇಳ್ತಿರೋದು ಶುದ್ಧ ಸುಳ್ಳು. ಅದರ ಕೆಳಗೆ ನನ್ನ ಹೆಸರಿದೆ."

ಆಗ ಅವಳಿಗೆ ನಲವತ್ತಾರು. ಹದಿನೈದು ವರ್ಷ ಸರ್ಕಾರಿ ಕಿವಿ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡಿ, ಆಮೇಲೆ ನೇಯ್ಗೆ ಗಿರಣಿಗೆ ಅದೇ ಕೆಲಸಕ್ಕೆ ಸೇರಿದ್ದಳು. ಪ್ಯಾಕಿಂಗ್ ವಿಭಾಗದ ತುದಿಯಲ್ಲಿ ಅವಳ ಕೋಣೆ. ಅದರೊಳಗೆ ಇನ್ನೊಂದು ಗೂಡು: ಗೋಡೆಗೆ ದಪ್ಪ ಸ್ಪಂಜು, ಬಾಗಿಲ ಅಂಚಿಗೆ ಎರಡು ಸುತ್ತು ರಬ್ಬರು. ಕೂತವರ ತಲೆಗೆ ಹೆಡ್‌ಫೋನ್ ಹಾಕಿ ಯಂತ್ರದ ಗುಂಡಿ ಒತ್ತಿದರೆ 'ಪೀಂ' ಎಂದು ಸದ್ದು. ಕೇಳಿಸಿದರೆ ಕೈ ಎತ್ತಬೇಕು. ಸದ್ದನ್ನು ಇಳಿಸುತ್ತಾ ಹೋಗಿ, ಕೈ ಏಳುವುದು ಎಲ್ಲಿ ನಿಂತಿತೋ ಅಲ್ಲಿ ಕಾಗದದ ಮೇಲೆ ಚುಕ್ಕೆ ಇಡುವುದು ಅವಳ ಕೆಲಸ. ಗಿರಣಿಯವರೆಲ್ಲ ಅವಳನ್ನು 'ಪೀಪಿ ಅಕ್ಕ' ಎನ್ನುತ್ತಿದ್ದರು. ಅವಳಿಗೆ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಸುಳ್ಳು ಕೈ ಎತ್ತುವವರ ಮೇಲೆ. ಕೆಲಸ ಹೋದೀತೆಂದು ಹೆದರಿ, ಸದ್ದೇ ಇಲ್ಲದಾಗಲೂ ಕೆಲವರು ಕೈ ಎತ್ತುತ್ತಿದ್ದರು.

ಆ ಗಿರಣಿಯ ಮಗ್ಗದ ಶೆಡ್ಡಿನೊಳಗೆ ನಾನೊಮ್ಮೆ ಹೋಗಿದ್ದೆ. ಇನ್ನೂರು ಮಗ್ಗಗಳು ಒಟ್ಟಿಗೆ ಹೊಡೆದುಕೊಳ್ಳುವ ಆ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಪಕ್ಕದವರಿಗೆ ಏನಾದರೂ ಹೇಳಬೇಕೆಂದರೆ ಬಾಯಿ ಅಗಲಿಸಿ ತುಟಿಯಲ್ಲೇ ಹೇಳಬೇಕು. ಅಲ್ಲಿಯವರು ಮನೆಯಲ್ಲೂ ಹಾಗೇ ಮಾತಾಡುತ್ತಾರೆ. 'ಈ ಸದ್ದಿಗೆ ನಮ್ಮ ಜನ ಕಿವುಡರಾಗ್ತಿದ್ದಾರೆ, ಶೆಡ್ಡು ಸರಿಮಾಡಿಸಿ' ಎಂದು ಕಾರ್ಮಿಕರ ಸಂಘ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿತ್ತು. ಕಾರ್ಮಿಕರ ಕಿವಿ ಪರೀಕ್ಷಿಸಿ ವರದಿ ಕೊಡಿ ಎಂದು ಇಲಾಖೆ ಗಿರಣಿಗೇ ಬರೆಯಿತು. ಬೆಕ್ಕಿಗೇ ಹಾಲು ಕಾಯಲು ಹೇಳಿದ ಹಾಗೆ.

ಗೇಟಿನಲ್ಲಿ ಅಂಟಿಸಿದ್ದ ಕಾಗದದಲ್ಲಿ ಹೀಗಿತ್ತು: ಪರೀಕ್ಷಿಸಲಾದ ನೂರು ಕಾರ್ಮಿಕರಲ್ಲಿ ತೊಂಬತ್ತಾರು ಜನರ ಶ್ರವಣಶಕ್ತಿ ಉತ್ತಮವಾಗಿದೆ. ಆದ್ದರಿಂದ ಮಗ್ಗಗಳ ಶಬ್ದದಿಂದ ಕಾರ್ಮಿಕರಿಗೆ ಹಾನಿಯಿಲ್ಲವೆಂದು ತಿಳಿದುಬಂದಿದೆ. ಕೆಳಗೆ, ಪರೀಕ್ಷೆ ಮಾಡಿದವರು ಎಂದು ದೊಡ್ಡಮ್ಮನ ಹೆಸರು.

ನೂರು ಜನರನ್ನು ಆರಿಸಿದ್ದು ದೊಡ್ಡಮ್ಮ ಅಲ್ಲ. ಮ್ಯಾನೇಜರು ಸೂಪರ್‌ವೈಸರುಗಳಿಗೆ 'ನೂರು ಜನರನ್ನ ಕಳಿಸಿ' ಎಂದಿದ್ದ. ಓಡುತ್ತಿರುವ ಮಗ್ಗ ಬಿಟ್ಟು ಬರುವುದು ಹೇಗೆ? ಬಿಡುವಿದ್ದವರನ್ನು ಕಳಿಸಿದರು. ಪ್ಯಾಕಿಂಗ್‌ನಿಂದ ನಲವತ್ತೆಂಟು, ಆಫೀಸಿನಿಂದ ಇಪ್ಪತ್ತೊಂದು, ಉಗ್ರಾಣ, ಕ್ಯಾಂಟೀನು, ಗೇಟು ಎಲ್ಲ ಸೇರಿ ಹತ್ತೊಂಬತ್ತು. ಮಗ್ಗದ ಶೆಡ್ಡಿನಿಂದ ಬಂದವರು ಹನ್ನೆರಡೇ ಜನ. ಆ ಹನ್ನೆರಡರಲ್ಲೂ ಏಳು ಮಂದಿ ಕೆಲಸಕ್ಕೆ ಸೇರಿ ವರ್ಷ ತುಂಬದವರು. ಶೆಡ್ಡಿನಲ್ಲಿ ಹಳಬರು ಎನ್ನಬಹುದಾದವರು ಐದು ಮಂದಿ, ಅವರಲ್ಲಿ ಮೂವರ ಕಿವಿ ಕೆಟ್ಟಿತ್ತು. ನಾಲ್ಕನೆಯ ಕೆಟ್ಟ ಕಿವಿ ಗೇಟಿನ ಮುದುಕನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಮಾತಿದೆ. ಇಲ್ಲಿ ಎತ್ತಿಗೆ ಜ್ವರ ಬಂದಿತ್ತು, ಎಮ್ಮೆಯ ಮೈ ಮುಟ್ಟಿ ನೋಡಿ 'ತಣ್ಣಗಿದೆ' ಎಂದು ಬರೆದರು.

ದೊಡ್ಡಮ್ಮನಿಗೆ ಇದೆಲ್ಲ ಪರೀಕ್ಷೆ ಮಾಡುವಾಗಲೇ ಗೊತ್ತಿತ್ತು. ಪ್ರತಿ ಹೆಸರಿನ ಮುಂದೆ ವಿಭಾಗ, ಸೇವೆಯ ವರ್ಷ ಎಲ್ಲ ಬರೆದುಕೊಟ್ಟಿದ್ದಳು. ಮೇಲಿನವರು ವಿಭಾಗವಾರು ನೋಡುತ್ತಾರೆ ಎಂದುಕೊಂಡಿದ್ದಳು. ನೋಡುವುದಿಲ್ಲ ಎಂಬ ಅನುಮಾನ ಬರಬೇಕಿತ್ತು, ಬರಲಿಲ್ಲ ಎಂದು ಆಮೇಲೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಪ್ರಕಟಣೆ ಅಂಟಿಸಿದ ಮೂರನೆಯ ದಿನ ಪಾಳಿ ಬಿಡುವ ಹೊತ್ತಿಗೆ ಗೇಟಿನ ಮುಂದೆ ಗಂಟಜ್ಜಿ ನಿಂತಿದ್ದಳು. ಶೆಡ್ಡಿನಲ್ಲಿ ಹದಿನೆಂಟು ವರ್ಷ ದುಡಿದವಳು. ಕಡಿದ ಎಳೆಗೆ ಅವಳಷ್ಟು ಬೇಗ ಗಂಟು ಹಾಕುವವರು ಇರಲಿಲ್ಲವಾದ್ದರಿಂದ ಆ ಹೆಸರು. ಕಿವಿ ಪೂರ್ತಿ ಹೋದ ಮೇಲೆ, ಮಗ್ಗ ಸದ್ದು ಬದಲಿಸಿದ್ದು ಗೊತ್ತಾಗದೆ ಎರಡು ಸಲ ಬಟ್ಟೆ ಹಾಳಾಗಿ, ಕೆಲಸ ಬಿಟ್ಟಿದ್ದಳು. ಅಂದರೆ ಬಿಡಿಸಿದ್ದರು. ಅವಳು ಪ್ರಕಟಣೆಯನ್ನು ಅಕ್ಷರ ಅಕ್ಷರವಾಗಿ ಓದಿ, ಕೆಳಗಿನ ಹೆಸರನ್ನೂ ಓದಿ, ಹೊರಗೆ ಬರುತ್ತಿದ್ದ ದೊಡ್ಡಮ್ಮನನ್ನು ತಡೆದಳು. ಕಿವಿ ಕೇಳದವರ ದನಿ, ಬೀದಿಗೆಲ್ಲ ಕೇಳಿಸಿತು.

"ನನ್ನ ಕಿವಿ ಯಾವ ನೂರರಲ್ಲಿದೆ ತಾಯಿ? ತೊಂಬತ್ತಾರರಲ್ಲಾ, ನಾಲ್ಕರಲ್ಲಾ?"

ದೊಡ್ಡಮ್ಮ ಏನೋ ಹೇಳಲು ಹೋದಳು. ಅಜ್ಜಿ ಅವಳ ತುಟಿಯನ್ನೇ ನೋಡುತ್ತಾ ನಿಂತಳು. ಕೆಲಸ ಬಿಟ್ಟವರು ಯಾವ ನೂರರಲ್ಲೂ ಇರಲಿಲ್ಲ. ಕಿವಿ ಹೋದವರು ಶೆಡ್ಡಿನಿಂದ ಹೊರಗೆ ಹೋಗಿಯಾಗಿತ್ತು, ಕೇಳುವ ಕಿವಿಯವರು ಒಳಗೆ ಉಳಿದಿದ್ದರು. ಉಳಿದವರನ್ನು ಎಣಿಸಿ 'ನೋಡಿ, ಎಲ್ಲರಿಗೂ ಕೇಳಿಸುತ್ತದೆ' ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ಅವಳು ಗಿರಣಿಯ ಡಾಕ್ಟರ ಬಳಿಗೆ ಹೋದಳು. ವರದಿಗೆ ಸಹಿ ಹಾಕಿದ್ದು ಅವನೇ.

"ಡಾಕ್ಟ್ರೇ, ಒಂದೋ ಆ 'ಆದ್ದರಿಂದ' ಅನ್ನೋ ಮಾತು ತೆಗೀರಿ, ಇಲ್ಲ ನನ್ನ ಹೆಸರು ತೆಗೀರಿ."

"ನೂರು ಜನರಲ್ಲಿ ನಾಲ್ಕು ಜನಕ್ಕೆ ತೊಂದರೆ. ನೀವೇ ಬರೆದಿರೋದು. ಲೆಕ್ಕ ತಪ್ಪಿದೆಯಾ?"

"ಲೆಕ್ಕ ತಪ್ಪಿಲ್ಲ. ಯಾರ ಲೆಕ್ಕ ಅನ್ನೋದು ತಪ್ಪಿದೆ."

ಡಾಕ್ಟರು ಅವಳನ್ನು ಮ್ಯಾನೇಜರ ಕಡೆಗೆ ತಳ್ಳಿದ. ಮ್ಯಾನೇಜರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಕುರ್ಚಿ ತೋರಿಸಿದ, ನೀರು ಕೊಡಿಸಿದ.

"ಮೇಡಂ, ಎಲ್ಲರನ್ನೂ ಪರೀಕ್ಷೆ ಮಾಡೋಕಾಗುತ್ತಾ? ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕಲ್ವಾ?"

"ಸಾಕು ಸರ್. ಆದರೆ ನೀವು ಅಗುಳು ತೆಗೆದಿದ್ದು ಪಕ್ಕದ ಒಲೆಯ ಪಾತ್ರೆಯಿಂದ."

ಮ್ಯಾನೇಜರು ನಕ್ಕ. "ಚೆನ್ನಾಗಿ ಮಾತಾಡ್ತೀರಿ" ಎಂದ. ಪ್ರಕಟಣೆ ಹಾಗೇ ಉಳಿಯಿತು. ವರದಿ ಇಲಾಖೆಗೆ ಹೋಯಿತು. ನನಗೆ ಇವತ್ತಿಗೂ ಮೈ ಉರಿಯುವುದು ಆ ನಗುವಿನ ನೆನಪಾದಾಗ. ಅವನಿಗೆ ಅರ್ಥವಾಗದೆ ನಕ್ಕಿದ್ದರೆ ಬೇರೆ ಮಾತು. ಅರ್ಥವಾಗಿಯೇ ನಕ್ಕ.

ಆ ಸಂಜೆ ದೊಡ್ಡಮ್ಮ ಸಂಘದ ಕಾರ್ಯದರ್ಶಿಯ ಮನೆಗೆ ಹೋದಳು. ಅವನು ಶೆಡ್ಡಿನವನೇ, ಬಿಸಿರಕ್ತದವನು. ವಿಷಯ ಕೇಳಿ ಕುಣಿದಾಡಿದ.

"ಅಕ್ಕ, ನಂಗೆ ಗೊತ್ತಿರೋ ಕಿವುಡರೇ ಐವತ್ತು ಜನ ಇದ್ದಾರೆ. ನಾಳೇನೇ ಕರ್ಕೊಂಡು ಬರ್ತೀನಿ. ಐವತ್ತಕ್ಕೆ ಐವತ್ತೂ ಕಿವುಡರು ಅಂತ ಬರೆದು ಮುಖಕ್ಕೆ ಎಸೆಯೋಣ."

ದೊಡ್ಡಮ್ಮನ ದನಿ ಮತ್ತೆ ಇಳಿಯಿತು. "ಅವರು ಕೇಳೋರನ್ನ ಆರಿಸಿದ್ರು. ನೀನು ಕೇಳದವರನ್ನ ಆರಿಸ್ತೀಯ. ಅವರಿಗೂ ನಿನಗೂ ಏನು ವ್ಯತ್ಯಾಸಪ್ಪ?"

"ನಾವು ನಿಜ ಹೇಳ್ತಿದ್ದೀವಿ, ಅದೇ ವ್ಯತ್ಯಾಸ!"

"ನಿಜ ಅಂತ ನಿನಗೆ ಹೇಗೆ ಗೊತ್ತು? ನೂರಕ್ಕೆ ಹತ್ತೋ, ಐವತ್ತೋ, ಹೇಳು ನೋಡೋಣ."

ಅವಳಿಗೆ ಬೇಕಿದ್ದದ್ದು ಐವತ್ತು ಕಿವುಡರಲ್ಲ, ಒಂದು ಪಟ್ಟಿ: ಕಳೆದ ಇಪ್ಪತ್ತು ವರ್ಷಗಳಲ್ಲಿ ಮಗ್ಗದ ಶೆಡ್ಡಿನಲ್ಲಿ ದುಡಿದ ಪ್ರತಿಯೊಬ್ಬರ ಹೆಸರು, ಇರುವವರದೂ ಬಿಟ್ಟವರದೂ. ಸಂಘದ ಸದಸ್ಯತ್ವದ ಹಳೇ ಪುಸ್ತಕಗಳು ಕಬ್ಬಿಣದ ಬೀರುವಿನಲ್ಲಿದ್ದವು. ಇಬ್ಬರೂ ಹದಿನೈದು ದಿನ ಕೂತು ಬರೆದರು. ಎರಡು ಸಲ ಬಂದ ಹೆಸರು ಹೊಡೆದು ಹಾಕಿ, ಕೊನೆಗೆ ಸಾವಿರದ ಎಂಟುನೂರ ನಲವತ್ತು.

ದೊಡ್ಡಪ್ಪ ದರ್ಜಿ, ಶಾಲೆಗಳ ಸಮವಸ್ತ್ರ ಹೊಲಿಯುವವನು. ಅಳತೆ ಕಾಗದದಲ್ಲಿ ಸಾವಿರದ ಎಂಟುನೂರ ನಲವತ್ತು ಚೌಕ ಕತ್ತರಿಸಿಕೊಟ್ಟ. ಒಂದೊಂದಕ್ಕೂ ಒಂದೊಂದು ಸಂಖ್ಯೆ ಬರೆದು, ಒಂದೇ ಥರ ಮಡಚಿ, ಬಟ್ಟೆ ತುಂಬುವ ಚೀಲಕ್ಕೆ ಹಾಕಿದರು.

"ಶಾಲೆಯವರು ಮೊದಲ ಬೆಂಚಿನ ಹುಡುಗರನ್ನ ತೋರಿಸಿ 'ಎಲ್ಲಾ ಇದೇ ಅಳತೆ' ಅಂತಾರೆ" ಎಂದ ದೊಡ್ಡಪ್ಪ, ಚೀಲ ಅಲುಗಿಸುತ್ತಾ. "ಹಿಂದಿನ ಬೆಂಚಿನ ಲಂಬೂಗಳ ಪ್ಯಾಂಟು ಮೊಣಕಾಲಿಗೆ ಬಂದು ನಿಲ್ಲುತ್ತೆ. ಬೈಗುಳ ತಿನ್ನೋದು ನಾನು."

"ಮಾತು ಸಾಕು ರೀ, ಇನ್ನೂ ಅಲುಗಿಸಿ."

ಸಂಘದ ಕಚೇರಿಯಲ್ಲಿ, ಮೂವತ್ತು ನಲವತ್ತು ಜನರ ಎದುರಿಗೆ, ಕಣ್ಣು ಮುಚ್ಚಿ ನೂರಿಪ್ಪತ್ತು ಚೀಟಿ ಎತ್ತಿದರು. ಕಾರ್ಯದರ್ಶಿಯ ಚಿಕ್ಕಪ್ಪ ಪೂರಾ ಕಿವುಡ. ಅವನ ಹೆಸರು ಬರಲಿಲ್ಲ. "ಅಕ್ಕ, ಒಂದೇ ಒಂದು ಸೇರಿಸಿಕೊಳ್ಳಿ" ಎಂದು ಕಾರ್ಯದರ್ಶಿ ಗೋಗರೆದ. "ಒಂದು ಸೇರಿಸಿದ್ರೆ ನೂರಿಪ್ಪತ್ತೂ ಕೆಟ್ಟವು" ಎಂದಳು.

ಗಂಟಜ್ಜಿಯ ಹೆಸರೂ ಬರಲಿಲ್ಲ.

ಇದನ್ನು ಹೇಳಲು ದೊಡ್ಡಮ್ಮ ಅವಳ ಮನೆಗೆ ತಾನೇ ಹೋದಳು. ಎರಡು ಕೋಣೆಯ ಮನೆ. ಅಜ್ಜಿ ಕಿಟಕಿಯ ಪಕ್ಕ ಕೂತು ಕಾಳು ಆರಿಸುತ್ತಿದ್ದಳು. ಬಾಗಿಲು ತಟ್ಟಿದರೆ ಕೇಳುವುದಿಲ್ಲವೆಂದು ದೊಡ್ಡಮ್ಮ ಕಿಟಕಿಗೆ ಅಡ್ಡ ನಿಂತು ನೆರಳು ಬೀಳಿಸಿದಳು. ಕಾಗದದ ಮೇಲೆ ಬರೆದು ತೋರಿಸಿದಳು.

"ಮತ್ತೆ ನಾನಿಲ್ಲವಾ?" ಎಂದಳು ಅಜ್ಜಿ. "ಅವರ ನೂರರಲ್ಲೂ ಇಲ್ಲ, ನಿನ್ನ ನೂರಿಪ್ಪತ್ತರಲ್ಲೂ ಇಲ್ಲ. ನಾನು ಬದುಕಿದ್ದೀನಾ ಇಲ್ವಾ?"

ದೊಡ್ಡಮ್ಮ ಬರೆದಳು: ಅವರು ನಿಮ್ಮನ್ನ ಬೇಕಂತಲೇ ಬಿಟ್ಟರು. ಇಲ್ಲಿ ಎಲ್ಲರ ಹೆಸರಿನ ಹಾಗೆ ನಿಮ್ಮದೂ ಚೀಲದಲ್ಲಿತ್ತು.

"ಚೀಲದಲ್ಲಿ ಇದ್ದು ಏನು ಬಂತು?"

ನಾಲ್ಕು ಸಾಲು ಬರೆದರೂ ಅಜ್ಜಿ ಒಪ್ಪಲಿಲ್ಲ. ಕಾಗದವನ್ನು ವಾಪಸು ಕೊಟ್ಟು, ಮುಖ ತಿರುಗಿಸಿಕೊಂಡು ಕಾಳು ಆರಿಸತೊಡಗಿದಳು. ದೊಡ್ಡಮ್ಮ ಆ ದಿನ ಬಸ್ಸು ಹತ್ತದೆ ನಡೆದೇ ಮನೆಗೆ ಬಂದಳು. ಎಲ್ಲರಿಗಿಂತ ಹೆಚ್ಚು ಅನ್ಯಾಯವಾದವಳಿಗೆ 'ನೀವು ಬೇಡ' ಎಂದು ಹೇಳಬೇಕಾಗಿ ಬಂದ ಸಿಟ್ಟೂ ಮ್ಯಾನೇಜರ ಮೇಲೆಯೇ ತಿರುಗಿತು.

ಆಸ್ಪತ್ರೆಯ ಹಳೆಯ ಮುಖ್ಯಸ್ಥೆ ಯಂತ್ರ ಎರವಲು ಕೊಟ್ಟಳು. ರಜಾದಿನಗಳಲ್ಲಿ ಒಂದು ಶಾಲೆಯ ಪುಸ್ತಕದ ಕೋಣೆ ಸಿಕ್ಕಿತು. ಊರಿಗೆಲ್ಲ ಶಾಂತವಾದ ಕೋಣೆ ಅದೇ. ನೂರಿಪ್ಪತ್ತು ಜನರನ್ನು ಹುಡುಕುವುದು ಏಳು ತಿಂಗಳ ಕೆಲಸವಾಯಿತು. ಆರು ಜನ ತೀರಿಕೊಂಡಿದ್ದರು. ಕೆಲವರು ಬೇರೆ ಊರುಗಳಿಗೆ ಹೋಗಿದ್ದರು, ಅವಳು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳು. "ಹತ್ತಿರ ಸಿಕ್ಕೋರನ್ನ ಮಾಡಿ ಮುಗಿಸಬಾರದಾ?" ಎಂದು ಅಮ್ಮ ಕೇಳಿದರೆ, "ಹತ್ತಿರ ಸಿಕ್ಕೋರು ಅಂತ ಆರಿಸೇ ಅಲ್ವಾ ಅವರು ಕೆಡಿಸಿದ್ದು?" ಎಂದಳು. ಇಪ್ಪತ್ತು ವರ್ಷ ಶೆಡ್ಡಿನಲ್ಲಿದ್ದ ಒಬ್ಬ ಗಟ್ಟಿ ಆಸಾಮಿ, ಪಕ್ಕದ ಕೋಣೆಯ ಗಡಿಯಾರದ ಸದ್ದೂ ಕೇಳಿಸುತ್ತದೆ ಎನ್ನುತ್ತಿದ್ದ, ನಿಜಕ್ಕೂ ಕೇಳಿಸುತ್ತಿತ್ತು. ಕಾರ್ಯದರ್ಶಿ ಅವನ ಕಾಗದ ನೋಡಿ ಕೈ ಹಿಸುಕಿಕೊಂಡ. ದೊಡ್ಡಮ್ಮ ಆ ಕಾಗದವನ್ನೂ ಉಳಿದವುಗಳ ಜೊತೆ ಸೇರಿಸಿ ದಾರ ಕಟ್ಟಿದಳು.

ಗಿರಣಿಗೆ ಸುದ್ದಿ ಹೋಗದೆ ಇರುತ್ತದೆಯೇ? ನಾಲ್ಕನೆಯ ತಿಂಗಳು ಅವಳಿಗೆ ಒಂದು ಪತ್ರ ಬಂತು: ಸದ್ಯ ಶ್ರವಣ ಪರೀಕ್ಷಕರ ಅಗತ್ಯವಿಲ್ಲ. ಎಲ್ಲರ ಕಿವಿಯೂ ಚೆನ್ನಾಗಿದ್ದ ಮೇಲೆ ಪರೀಕ್ಷಕರು ಯಾಕೆ, ಅಲ್ಲವೇ! ಸ್ಪಂಜಿನ ಗೂಡಿನಲ್ಲಿ ಮರುವಾರವೇ ರಟ್ಟಿನ ಪೆಟ್ಟಿಗೆಗಳನ್ನು ತುಂಬಿಸಿದರಂತೆ. ದೊಡ್ಡಮ್ಮ ಹಗಲಲ್ಲಿ ದೊಡ್ಡಪ್ಪನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾ, ರಜೆಯ ದಿನ ಕಿವಿ ನೋಡುತ್ತಾ ಉಳಿದ ಮೂರು ತಿಂಗಳು ಕಳೆದಳು.

ಕೊನೆಗೆ ನೂರಾ ನಾಲ್ಕು ಜನರ ಪರೀಕ್ಷೆ ಆಯಿತು. ಹತ್ತು ಜನ ಸಿಗಲಿಲ್ಲ ಅಥವಾ ಒಪ್ಪಲಿಲ್ಲ. ನೂರಾ ನಾಲ್ವರಲ್ಲಿ ನಲವತ್ತೈದು ಜನರ ಕಿವಿ ಕೆಟ್ಟಿತ್ತು.

ಸಂಘ ಆ ಲೆಕ್ಕವನ್ನು ಇಲಾಖೆಗೆ ಒಪ್ಪಿಸಿತು. ಇಲಾಖೆಯ ವಿಚಾರಣೆ ಕಾರ್ಮಿಕ ಕಚೇರಿಯ ಮಹಡಿಯ ಮೇಲೆ. ನಾನು ರಜೆ ಹಾಕಿ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು. ಅಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು. ಗಿರಣಿಯ ವಕೀಲ ಎದ್ದು ನಿಂತ.

"ಸಾವಿರದ ಎಂಟುನೂರ ಚಿಲ್ಲರೆ ಜನ. ನೀವು ನೋಡಿದ್ದು ನೂರಾ ನಾಲ್ಕು. ಉಳಿದವರ ಬಗ್ಗೆ ನಿಮಗೇನು ಗೊತ್ತು?"

"ಸರಿಯಾಗಿ ಎಷ್ಟು ಅಂತ ಗೊತ್ತಿಲ್ಲ" ಎಂದಳು ದೊಡ್ಡಮ್ಮ.

"ಗೊತ್ತಿಲ್ಲ! ಬರೆದುಕೊಳ್ಳಿ ಮೇಡಂ."

"ಪೂರ್ತಿ ಬರೆದುಕೊಳ್ಳಿ. ಎಷ್ಟು ಗೊತ್ತಿಲ್ಲ ಅನ್ನೋದನ್ನೂ ಹೇಳ್ತೀನಿ. ಚೀಟಿ ಎತ್ತಿದಾಗ ಅದೃಷ್ಟ ಆ ಕಡೆ ಈ ಕಡೆ ವಾಲಬಹುದು. ಎಷ್ಟು ವಾಲಬಹುದು ಅನ್ನೋದಕ್ಕೆ ಲೆಕ್ಕ ಇದೆ. ಶೆಡ್ಡಿನವರಲ್ಲಿ ಕಿವಿ ಕೆಟ್ಟೋರು ನೂರಕ್ಕೆ ಮೂವತ್ನಾಲ್ಕರಿಂದ ಐವತ್ಮೂರರ ಒಳಗೆ ಇದ್ದಾರೆ. ಇಂಥ ಲೆಕ್ಕ ಇಪ್ಪತ್ತು ಸಲ ಮಾಡಿದ್ರೆ ಒಂದು ಸಲ ತಪ್ಪಬಹುದು, ಅದನ್ನೂ ಬರೆದುಕೊಳ್ಳಿ. ಸಿಗದ ಹತ್ತು ಜನರ ಕಿವಿ ಬಂಗಾರದಂಗಿದೆ ಅಂತ ಇಟ್ಟುಕೊಂಡ್ರೂ ನೂರಕ್ಕೆ ಮೂವತ್ತೊಂಬತ್ತು ಬರುತ್ತೆ. ಯಾವ ದಾರೀಲಿ ಹೋದ್ರೂ ನಾಲ್ಕು ಬರಲ್ಲ."

ಅವಳ ದನಿ ಎಷ್ಟು ಇಳಿದಿತ್ತೆಂದರೆ ಅಧಿಕಾರಿ ಫ್ಯಾನು ನಿಲ್ಲಿಸಲು ಹೇಳಿದಳು.

ವಕೀಲ ಬಿಡಲಿಲ್ಲ. "ವಯಸ್ಸಾದವರ ಕಿವಿ ಮಂದ ಆಗೋದು ಸಹಜ. ಮಗ್ಗದಿಂದಲೇ ಅಂತ ಹೇಗೆ ಹೇಳ್ತೀರಿ? ಮಗ್ಗ ಮುಟ್ಟದವರ ಕಿವಿ ನೋಡಿದ್ದೀರಾ?"

ದೊಡ್ಡಮ್ಮ ತನ್ನ ಕಾಗದಗಳನ್ನು ಮೇಜಿನ ಮೇಲಿಟ್ಟು, "ಇಲ್ಲ. ನೋಡಬೇಕಿತ್ತು" ಎಂದಳು.

ಕಾರ್ಯದರ್ಶಿ ತಲೆಯ ಮೇಲೆ ಕೈ ಹೊತ್ತು ಕೂತ. ಹೊರಗೆ ಮೆಟ್ಟಿಲಿಳಿಯುವಾಗ ಅವಳ ಮೇಲೆ ಹರಿಹಾಯ್ದ. "ಗೆದ್ದ ಆಟ ಕೈಚೆಲ್ಲಿದ್ರಲ್ಲಾ ಅಕ್ಕ! ನೋಡಿದ್ದೀನಿ ಅಂದುಬಿಟ್ಟಿದ್ರೆ ಯಾರು ಕೇಳ್ತಿದ್ರು?"

"ಅವನು ನಮ್ಮ ವಿರೋಧಿ ಇರಬಹುದು. ಪ್ರಶ್ನೆ ಸರಿಯಾಗಿದೆ" ಎಂದಳು. ಅವಳ ಮುಖ ಕೆಂಪಗಿತ್ತು. ವಕೀಲನ ಮೇಲಿನ ಸಿಟ್ಟೋ, ತನ್ನ ಮೇಲಿನದೋ, ಕೇಳುವ ಧೈರ್ಯ ನನಗಾಗಲಿಲ್ಲ.

ಮಗ್ಗ ಮುಟ್ಟದವರ ಕಿವಿಯನ್ನೂ ನೋಡಿ ಬರಲು ಅಧಿಕಾರಿ ಮೂರು ತಿಂಗಳ ಗಡುವು ಕೊಟ್ಟಿದ್ದಳು. ದೊಡ್ಡಮ್ಮ ಒಂದು ನಿಯಮ ಮಾಡಿಕೊಂಡಳು. ಪರೀಕ್ಷೆಯಾದ ಪ್ರತಿಯೊಬ್ಬರ ಮನೆಯ ಬಲಗಡೆಯ ಬಾಗಿಲಿಂದ ಶುರುಮಾಡಿ, ಅದೇ ವಯಸ್ಸಿನ, ಗಂಡಾದರೆ ಗಂಡು, ಹೆಣ್ಣಾದರೆ ಹೆಣ್ಣು, ಗಿರಣಿಯಲ್ಲಿ ಎಂದೂ ದುಡಿಯದ ಒಬ್ಬರು ಸಿಗುವವರೆಗೆ ಬಾಗಿಲು ತಟ್ಟುತ್ತಾ ಹೋಗುವುದು. ಮುಖ ನೋಡಿ ಮಣೆ ಹಾಕುವಂತಿಲ್ಲ. ಒಂದು ಬಲಗಡೆಯ ಮನೆಯಲ್ಲಿ ನಾಯಿ ಬಿಟ್ಟರು. ಇನ್ನೊಂದರಲ್ಲಿ ಒಬ್ಬ ಮಹಾತಾಯಿ "ನನ್ನ ಕಿವಿ ಚೆನ್ನಾಗೇ ಇದೆ, ನಿನ್ನ ತಲೆ ತೋರಿಸಿಕೋ" ಎಂದಳು. ಎರಡನೆಯ ಸಲ ಹೋದಾಗ ಅವಳೇ ಬಂದು ಕೂತಳು. ತೊಂಬತ್ತೆಂಟು ಜನ ನೆರೆಯವರು ಸಿಕ್ಕರು. ಕಿವಿ ಕೆಟ್ಟಿದ್ದದ್ದು ಹದಿಮೂರು ಜನರದು.

ಒಂದು ಕಡೆ ನೂರಾ ನಾಲ್ಕಕ್ಕೆ ನಲವತ್ತೈದು, ಅದೇ ಬೀದಿ, ಅದೇ ವಯಸ್ಸಿನಲ್ಲಿ ತೊಂಬತ್ತೆಂಟಕ್ಕೆ ಹದಿಮೂರು. ಎರಡನೆಯ ವಿಚಾರಣೆಯಲ್ಲಿ ವಕೀಲ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಅಧಿಕಾರಿ ಗಿರಣಿಯ ಡಾಕ್ಟರನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. "ನಿಮ್ಮ ನೂರು ಜನರಲ್ಲಿ ಮಗ್ಗದವರು ಹನ್ನೆರಡು ಅನ್ನೋದು ನಿಮಗೆ ಗೊತ್ತಿತ್ತಾ?"

"ಪಟ್ಟಿಯಲ್ಲಿ ಇತ್ತು" ಎಂದ ಡಾಕ್ಟರು.

"ಓದಿದ್ರಾ?"

ಅವನು ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ಕಿಟಕಿ ನೋಡಿದ.

ತೀರ್ಪು ಬಂತು. ಹಳೆಯ ಮಗ್ಗಗಳನ್ನು ಗೋಡೆ ಕಟ್ಟಿ ಬೇರ್ಪಡಿಸಬೇಕು, ಎಲ್ಲರಿಗೂ ಕಿವಿಗವಸು ಕೊಡಬೇಕು, ಶೆಡ್ಡಿನವರನ್ನು ಸೇರುವಾಗ, ವರ್ಷಕ್ಕೊಮ್ಮೆ, ಬಿಡುವಾಗ ಪರೀಕ್ಷಿಸಬೇಕು. ಒಂದೂವರೆ ವರ್ಷದಲ್ಲಿ ಗೋಡೆ ಎದ್ದಿತು. ಆದರೆ ಆಗಲೇ ಕಿವಿ ಕಳೆದುಕೊಂಡವರ ಬಗ್ಗೆ ತೀರ್ಪಿನಲ್ಲಿ ಒಂದಕ್ಷರ ಇರಲಿಲ್ಲ. ಡಾಕ್ಟರಿಗೆ ಏನೂ ಆಗಲಿಲ್ಲ. ಮ್ಯಾನೇಜರಿಗೆ ಇನ್ನೂ ದೊಡ್ಡ ಗಿರಣಿಯಲ್ಲಿ ಕೆಲಸ ಸಿಕ್ಕಿತು. ದೊಡ್ಡಮ್ಮನನ್ನು ಯಾರೂ ವಾಪಸು ಕರೆಯಲಿಲ್ಲ, ಅವಳು ಕೇಳಲೂ ಇಲ್ಲ. ಮುಂದೆ ಹಳೆಯ ಆಸ್ಪತ್ರೆಯಲ್ಲೇ ವಾರಕ್ಕೆ ಮೂರು ದಿನದ ಕೆಲಸ ಸಿಕ್ಕಿತು. ಯಾರಾದರೂ "ಗೆದ್ದುಬಿಟ್ರಲ್ಲ" ಎಂದರೆ ಅವಳಿಗೆ ಆಗುತ್ತಿರಲಿಲ್ಲ. "ಯಾರು ಗೆದ್ದಿದ್ದು? ನೂರಕ್ಕೆ ನಲವತ್ತು ಜನ ಸೋತಾದ ಮೇಲೆ?" ಎನ್ನುತ್ತಿದ್ದಳು.

ಅವಳ ಕಪಾಟಿನಲ್ಲಿ ಸಿಗದ ಹತ್ತು ಜನರ ಹೆಸರಿನ ಹಾಳೆ ಉಳಿದಿತ್ತು. ವಿಚಾರಣೆ ಮುಗಿದು ಎರಡು ವರ್ಷವಾದ ಮೇಲೆ, ಅವರಲ್ಲೊಬ್ಬಳು ಆರು ಗಂಟೆ ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಯಾರೋ ಹೇಳಿದರು. ದೊಡ್ಡಮ್ಮ ಯಂತ್ರ ಎತ್ತಿಕೊಂಡು ಹೊರಟೇಬಿಟ್ಟಳು.

"ಕೇಸು ಮುಗಿದು ಎಷ್ಟು ಕಾಲ ಆಯ್ತು, ಇವಳೇ" ಎಂದ ದೊಡ್ಡಪ್ಪ.

"ಚೀಟೀಲಿ ಹೆಸರು ಬಂದಿದೆ ರೀ" ಎಂದಳು, ಅಷ್ಟೇ.

ಆ ಹೆಂಗಸು ಶೆಡ್ಡಿನಲ್ಲಿ ಒಂಬತ್ತು ವರ್ಷ ದುಡಿದವಳು. ಅಡುಗೆಮನೆಯ ಬಾಗಿಲು ಮುಚ್ಚಿ, ಮಗಳ ಮನೆಯ ಫ್ರಿಜ್ಜು ಆರಿಸಿ, ದೊಡ್ಡಮ್ಮ ಗುಂಡಿ ಒತ್ತಿದಳು. ಎಷ್ಟು ಸಣ್ಣ ಸದ್ದಿಗೂ ಕೈ ಏಳುತ್ತಲೇ ಹೋಯಿತು. ಎರಡೂ ಕಿವಿ ಚೆನ್ನಾಗಿದ್ದವು. ದೊಡ್ಡಮ್ಮ ಹಾಗೆಂದೇ ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಸಂಜೆಯ ಬಸ್ಸಿಗೆ ವಾಪಸು ಬಂದಳು.